ದೊಡ್ಡಮ್ಮನ ವಾಕರ್‌ಗೊಂದು ಚೀಲ: ನೆರವಾದವರಿಗೆ ವಂದನೆ

ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಮೇಲೆ ತಿಂಗಳುಗಟ್ಟಲೆ ವಾಕರ್ ಹಿಡಿದೇ ಓಡಾಡುತ್ತಿದ್ದ ನಮ್ಮ ದೊಡ್ಡಮ್ಮ ಈಗ ಊರುಗೋಲಿಗೆ ಬಂದಿದ್ದಾರೆ. ಇನ್ನು ಮನೆಯೊಳಗೆ ವಾಕರ್ ಬೇಕಿಲ್ಲವೆಂದು ವೈದ್ಯರು ಹೇಳಿದ ದಿನವೇ ಈ ಬರಹವನ್ನು ಬರೆಯಬೇಕೆಂದುಕೊಂಡೆ. ಶಸ್ತ್ರಚಿಕಿತ್ಸೆ ಮಾಡಿದವರಿಗೂ ರಾತ್ರಿ ಪಾಳಿಯಲ್ಲಿ ಎಚ್ಚರವಿದ್ದು ನೋಡಿಕೊಂಡ ದಾದಿಯರಿಗೂ ಮನೆಯವರೆಲ್ಲ ಈಗಾಗಲೇ ಕೈಮುಗಿದು ಬಂದಿದ್ದೇವೆ. ಇಲ್ಲಿ ನಾನು ನೆನೆಯಬೇಕಾಗಿರುವುದು ಆ ವಾಕರ್‌ನ ಮುಂಭಾಗದಲ್ಲಿ ಇಷ್ಟು ಕಾಲ ಇದ್ದ, ಕೊಕ್ಕೆಯ ಕಡ್ಡಿಯಿಂದ ನೂಲಿನಲ್ಲಿ ಹೆಣೆದ ಕ್ರೋಶಾ ಚೀಲಕ್ಕೆ ನೆರವಾದವರನ್ನು. ಹೆಣೆದದ್ದು ನನ್ನ ಕೈಯಾದರೂ ಅದರೊಳಗಿನ ತಿಳಿವಳಿಕೆಯ ಬಹುಪಾಲು ಬೇರೆಯವರದು.

ಮೊದಲ ವಂದನೆ ಫಿಸಿಯೋಥೆರಪಿಸ್ಟ್ ಆಗಿ ಮನೆಗೆ ಬರುತ್ತಿದ್ದ ಹೆಣ್ಣುಮಗಳಿಗೆ. ವಾಕರ್ ಹಿಡಿದವರ ಎರಡು ಕೈಗಳೂ ಹಿಡಿಗಳ ಮೇಲೆಯೇ ಇರಬೇಕು. ನಡೆಯುವ ಬಲ ಮರಳುವ ಹೊತ್ತಿಗೆ ಕೈಗಳು ಕಟ್ಟಿಹೋಗಿರುತ್ತವೆ. ಕನ್ನಡಕ ಒಂದು ಕೋಣೆಯಲ್ಲಿ, ಪುಸ್ತಕ ಇನ್ನೊಂದು ಕೋಣೆಯಲ್ಲಿ ಉಳಿದರೆ ಯಾರನ್ನಾದರೂ ಕರೆಯಬೇಕು, ಇಲ್ಲವೇ ಓದನ್ನೇ ಬಿಡಬೇಕು. ದೊಡ್ಡಮ್ಮ ಸದ್ದಿಲ್ಲದೆ ಎರಡನೆಯ ದಾರಿಯನ್ನು ಹಿಡಿದಿದ್ದರು. ಅವರು ಓದುವುದನ್ನು ಬಿಟ್ಟದ್ದು ದಣಿವಿನಿಂದಲ್ಲ, ಪದೇ ಪದೇ ಕೇಳಿಕೊಳ್ಳಲು ಮನಸ್ಸಿಲ್ಲದೆ ಎಂಬುದನ್ನು ಮೊದಲು ಗಮನಿಸಿದವರು ಈ ಹೆಣ್ಣುಮಗಳೇ. ಬೆರಳಿಗೆ ಕರವಸ್ತ್ರವನ್ನೋ ಕನ್ನಡಕದ ಡಬ್ಬಿಯನ್ನೋ ಸಿಕ್ಕಿಸಿಕೊಂಡು ಹಿಡಿಯನ್ನು ಅರ್ಧಂಬರ್ಧ ಹಿಡಿದರೆ ಇನ್ನೊಮ್ಮೆ ಬೀಳುವ ಅಪಾಯವಿದೆಯೆಂದು ಹೇಳಿ, ವಾಕರ್‌ಗೆ ಒಂದು ಹಗುರವಾದ ಚೀಲ ಬೇಕೇ ಬೇಕು ಎಂದವರೂ ಅವರೇ.

ಅಷ್ಟು ಹೇಳಿ ಅವರು ಸುಮ್ಮನಾಗಿದ್ದರೂ ಸಾಕಿತ್ತು. ಆದರೆ ವಾಕರನ್ನು ನನ್ನ ಮುಂದೆ ನಿಲ್ಲಿಸಿ, ಚೀಲ ಎಲ್ಲಿರಬೇಕು, ಎಲ್ಲಿರಬಾರದು ಎಂಬುದನ್ನು ಮುಟ್ಟಿ ತೋರಿಸಿದರು. ಅಲ್ಯೂಮಿನಿಯಂ ವಾಕರ್ ಸಾಮಾನ್ಯವಾಗಿ 2ರಿಂದ 3 ಕಿಲೋ ಮಾತ್ರ ತೂಗುವುದರಿಂದ ಮುಂದಿನ ಅಡ್ಡ ಸರಳಿಗೆ ಭಾರವಾದ ಚೀಲ ನೇತುಹಾಕಿದರೆ ಅದು ಮುಂದಕ್ಕೆ ಮಗುಚಿಕೊಳ್ಳಬಹುದು. ಒಂದೇ ಬದಿಯ ಹಿಡಿಗೆ ಕಟ್ಟಿದರೆ ಆ ಬದಿಗೇ ಎಳೆಯುತ್ತದೆ. ಒಳಭಾಗಕ್ಕೆ ತೂಗುಬಿಟ್ಟರೆ ಹೆಜ್ಜೆ ಇಡುವಾಗ ಮಂಡಿಗೆ ತಾಗುತ್ತದೆ. ಆದ್ದರಿಂದ ಚೀಲವು ಹೊರಭಾಗದಲ್ಲಿ, ನಟ್ಟನಡುವೆ, ಚಪ್ಪಟೆಯಾಗಿ, ಸರಳಿಗೆ ಒತ್ತಿಕೊಂಡು ಕೂರಬೇಕು. ಅಲುಗಾಡಬಾರದು. ಮಡಚುವ ಗುಂಡಿಗೂ ಕೀಲುಗಳಿಗೂ ಅಡ್ಡ ಬರಬಾರದು. ಕುಚ್ಚು, ಜೋಲುವ ದಾರ ಯಾವುದೂ ಇರಬಾರದು, ಏಕೆಂದರೆ ಅಂಥವು ಚಕ್ರಕ್ಕೋ ಕಾಲಿಗೋ ಸಿಕ್ಕಿಕೊಳ್ಳುತ್ತವೆ. ಬಿಸಿ ಪಾನೀಯವನ್ನು ಎಂದಿಗೂ ಅದರಲ್ಲಿ ಒಯ್ಯಬಾರದು ಎಂಬ ಮಾತನ್ನು ಅವರು ದೊಡ್ಡಮ್ಮನಿಗೇ ನೇರವಾಗಿ ಹೇಳಿದರು. ಚೀಲ ಸಿದ್ಧವಾದ ದಿನ ಸಾಮಾನು ತುಂಬಿಸಿ ದೊಡ್ಡಮ್ಮನನ್ನು ನಡೆಸಿ ನೋಡಿದರು. ತೋಳನ್ನು ಇಳಿಬಿಟ್ಟು ನಿಂತಾಗ ಹಿಡಿಗಳು ಮಣಿಕಟ್ಟಿನ ಮಟ್ಟಕ್ಕೇ ಇವೆಯೇ ಎಂದು ವಾಕರ್‌ನ ಎತ್ತರವನ್ನೂ ಇನ್ನೊಮ್ಮೆ ಪರೀಕ್ಷಿಸಿದರು. ಇದು ಅವರ ಕರ್ತವ್ಯದ ಪಟ್ಟಿಯಲ್ಲಿ ಇದ್ದಿರಲಾರದು ಎಂದೇ ನನ್ನ ಎಣಿಕೆ.

ಕ್ರೋಶಾ ಕಡ್ಡಿ ಹಿಡಿಯಲು ನನಗೆ ಮೊದಲೇ ಬರುತ್ತಿತ್ತಾದರೂ ಭಾರ ಹೊರುವ ವಸ್ತುವನ್ನು ನಾನು ಎಂದೂ ಹೆಣೆದಿರಲಿಲ್ಲ. ಪಕ್ಕದ ಮನೆಯ ಅಕ್ಕನವರು ಸಂಜೆಗಳನ್ನು ನನಗಾಗಿ ಬಿಟ್ಟುಕೊಟ್ಟು ಅದನ್ನು ಕಲಿಸಿದರು. ಜಾಲರಿಯಂತೆ ಕಾಣುವ ಉದ್ದ ಕಂಬಗಳ, ಎಂದರೆ ಎತ್ತರದ ಕುಣಿಕೆಗಳ, ಹೆಣಿಗೆ ನೋಡಲು ಚೆಂದ, ಆದರೆ ಪೆನ್ನು, ಬೀಗದ ಕೈ, ಕನ್ನಡಕದ ಕಡ್ಡಿ ಎಲ್ಲವೂ ಅದರ ಸಂದುಗಳಿಂದ ಹೊರಗೆ ಇಣುಕುತ್ತವೆ. ಹಾಗಾಗಿ ಇಡೀ ಚೀಲವನ್ನು ಗಿಡ್ಡ ಕಂಬದ ದಟ್ಟ ಹೆಣಿಗೆಯಲ್ಲೇ ಮಾಡಬೇಕೆಂದರು. ನೂಲಿನ ಚೀಟಿಯಲ್ಲಿ 5 ಮಿಲಿಮೀಟರ್ ಕಡ್ಡಿ ಎಂದಿದ್ದರೂ 4 ಮಿಲಿಮೀಟರ್ ಕಡ್ಡಿಯನ್ನೇ ಬಳಸಲು ಹೇಳಿದರು. ಕಡ್ಡಿ ಸಣ್ಣದಾದಷ್ಟೂ ಕುಣಿಕೆಗಳು ಬಿಗಿಯಾಗಿ ಬರುತ್ತವೆ, ಬಟ್ಟೆಗೆ ಗಟ್ಟಿತನ ಬರುತ್ತದೆ; ಬೆರಳು ನೋಯುವುದು ನಿಜ, ಆದರೆ ಚೀಲ ಜೋತು ಬೀಳುವುದಿಲ್ಲ. ಹತ್ತಿಯ ನೂಲಿನ ಮೇಲೆ ನನಗಿದ್ದ ಮೋಹವನ್ನು ಬಿಡಿಸಿದವರೂ ಅವರೇ. ದಪ್ಪ ಹತ್ತಿ ನೂಲಿನ ಹೆಣಿಗೆ ತಾನೇ ಭಾರ, ಒದ್ದೆಯಾದರೆ ಬೇಗ ಒಣಗುವುದೂ ಇಲ್ಲ. ಅಕ್ರಿಲಿಕ್ ಹಗುರ, ಒಗೆದರೆ ಬೇಗ ಒಣಗುತ್ತದೆ. ಚೀಲದ ತೂಕವೂ ವಾಕರ್ ಹೊರುವ ತೂಕವೇ ಅಲ್ಲವೇ ಎಂಬ ಅವರ ಮಾತು ನನಗೆ ಪೂರ್ತಿ ಒಪ್ಪಿಗೆಯಾಯಿತು.

ಕ್ರೋಶಾದ ಸ್ವಭಾವವೇ ಹಿಗ್ಗುವುದು. ಚೀಲವನ್ನು ಸರಳಿಗೆ ಕಟ್ಟುವ ಪಟ್ಟಿಗಳನ್ನು ಎಷ್ಟೇ ಬಿಗಿಯಾಗಿ ಹೆಣೆದರೂ ಭಾರಕ್ಕೆ ಅವು ನಿಧಾನವಾಗಿ ಉದ್ದವಾಗುತ್ತವೆ. ಇದನ್ನು ಕೇಳಿದೊಡನೆ, ನಮಗೆ ಬಟ್ಟೆ ಹೊಲಿದುಕೊಡುವ ದರ್ಜಿಯವರು ಪ್ರತಿ ಪಟ್ಟಿಯ ಹಿಂಬದಿಗೆ ಗಟ್ಟಿ ನೇಯ್ಗೆಯ ಟೇಪು ಸೇರಿಸಿ ಹೊಲಿದುಕೊಟ್ಟರು. ಚೀಲದೊಳಗೆ ತಿಳಿ ಬಣ್ಣದ ಅಸ್ತರು ಹಾಕಿ, ಕಪ್ಪು ಡಬ್ಬಿಯೂ ಚಿಕ್ಕ ಗುಳಿಗೆಯೂ ಥಟ್ಟನೆ ಕಣ್ಣಿಗೆ ಬೀಳುವಂತೆ ಮಾಡಿದರು. ವೆಲ್ಕ್ರೋ ನೂಲಿಗೆ ಕಚ್ಚಿಕೊಂಡು ಎಳೆಗಳನ್ನು ಕೀಳುತ್ತದೆ ಎಂದು ಪಟ್ಟಿಗಳಿಗೆ ದೊಡ್ಡ ಗುಂಡಿಗಳನ್ನು ಆರಿಸಿದವರೂ ಅವರೇ. ಕೂಲಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಅಳತೆ ತೆಗೆದುಕೊಟ್ಟು, ವಾಕರನ್ನು ಬಿಚ್ಚಿ ಮಡಚಿ ನೋಡುತ್ತಿದ್ದ ನನ್ನ ತಮ್ಮನಿಗೂ ಕೃತಜ್ಞಳಾಗಿದ್ದೇನೆ.

ಆದರೆ ಎಲ್ಲರಿಗಿಂತ ಹೆಚ್ಚಿನ ಋಣ ದೊಡ್ಡಮ್ಮನದೇ. ಕೊಟ್ಟದ್ದನ್ನು ಸುಮ್ಮನೆ ಒಪ್ಪಿಕೊಳ್ಳುವ ರೋಗಿಯಾಗಿ ಅವರು ಇರಲಿಲ್ಲ. ಆಸ್ಪತ್ರೆಯ ಪರದೆಗಳ ತಿಳಿ ಹಸಿರು ಬೇಡವೆಂದರು. ಕುಂಕುಮದ ಕೆಂಪು ಮತ್ತು ಸಾಸಿವೆ ಹಳದಿಯನ್ನು ತಾವೇ ಆರಿಸಿದರು. ಜೇಬುಗಳು ಆಳವಾಗಿದ್ದರೆ ಬಗ್ಗಿ ತಡಕಾಡಬೇಕಾಗುತ್ತದೆ, ಬಗ್ಗಿದರೆ ಸೊಂಟ ಜಗ್ಗುತ್ತದೆ, ಆದ್ದರಿಂದ ಅಂಗೈಯಷ್ಟೇ ಆಳ ಸಾಕೆಂದರು. ಫೋನಿನ ಜೇಬು ಬಲಗಡೆಗೆ, ಕನ್ನಡಕದ್ದು ಎಡಗಡೆಗೆ, ಪುಸ್ತಕಕ್ಕೆ ಹಿಂಬದಿಯಲ್ಲಿ ಅಗಲವಾದದ್ದು. ಮುಚ್ಚಳ ಯಾವುದಕ್ಕೂ ಬೇಡ, ಅದನ್ನು ಎತ್ತಲು ಇನ್ನೊಂದು ಕೈ ಎಲ್ಲಿಂದ ತರಲಿ ಎಂದು ಕೇಳಿದರು. ಹೀಗೆ ಬಾಯಿಬಿಟ್ಟು ಹೇಳಿದ್ದರಿಂದಲೇ ಆ ಚೀಲ ಬಳಕೆಗೆ ಬಂತು. ಮನೆಯಲ್ಲಿ ಹಿರಿಯರಿಗಾಗಿ ಏನನ್ನಾದರೂ ಮಾಡಹೊರಟವರು ಮೊದಲು ಅವರನ್ನೇ ಕೇಳಬೇಕೆಂದು ನಾನು ಈಗ ಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಚೀಲ ಬಂದ ಮೇಲೆ ದೊಡ್ಡಮ್ಮನ ದಿನಚರಿಯಲ್ಲಾದ ಬದಲಾವಣೆ ಸಣ್ಣದೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಓದು ಮರಳಿತು. ಫೋನು ಸದಾ ಜೊತೆಗಿದ್ದುದರಿಂದ ಅವರೊಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಲು ನಮಗೂ ಧೈರ್ಯ ಬಂತು, ಒಬ್ಬರೇ ಇರುವ ಹೊತ್ತು ಅವರಿಗೂ ದಕ್ಕಿತು. ಮಕ್ಕಳ ಉಡುಪಿಗೆ ಬಿದ್ದುಹೋದ ಗುಂಡಿ ಹಾಕಿಕೊಡಲು ಸೂಜಿ ದಾರದ ಡಬ್ಬಿಯನ್ನು ತಾವೇ ಚೀಲದಲ್ಲಿಟ್ಟುಕೊಂಡು ನಡುಮನೆಗೆ ಬರತೊಡಗಿದರು. ಕೇಳುವವರಾಗಿದ್ದವರು ಮತ್ತೆ ಕೊಡುವವರಾದರು.

ವಾಕರ್ ಈಗ ಪರಿಚಯದ ಇನ್ನೊಬ್ಬ ಹಿರಿಯರ ಮನೆಗೆ ಹೋಗುತ್ತಿದೆ. ಚೀಲವನ್ನೂ ಜೊತೆಗೇ ಕಳಿಸಬೇಕೆಂಬುದು ದೊಡ್ಡಮ್ಮನ ಅಪ್ಪಣೆ. ಒಗೆದು, ಸಡಿಲಾದ ಒಂದು ಗುಂಡಿಯನ್ನು ಬಿಗಿಮಾಡಿ ಇಟ್ಟಿದ್ದೇನೆ. ಇಂಥದ್ದೇ ಚೀಲವನ್ನು ಮಾಡಬಯಸುವವರಿಗೆ ಅಳತೆಯನ್ನೂ ಹೆಣಿಗೆಯ ಸಾಲುಗಳ ವಿವರವನ್ನೂ ಬರೆದುಕೊಡಲು ಸಿದ್ಧಳಿದ್ದೇನೆ. ನಿಮ್ಮ ಮನೆಯ ವಾಕರ್‌ನ ಮುಂದಿನ ಸರಳಿನ ಉದ್ದವನ್ನು ಮಾತ್ರ ಮೊದಲೇ ಅಳೆದಿಟ್ಟುಕೊಳ್ಳಿ.