ಹಿಂದೆ ಬಸ್ ಇದೆ ಅಂದರು!

ಮಾನ್ಯರೇ,

ಶಿರಸಿ ಪೇಟೆಯಲ್ಲಿ ಬಸ್ ತಪ್ಪಿದರೆ ಆಟೊ ಸಿಗುತ್ತದೆ. ನಮ್ಮ ಹಳ್ಳಿ ಕಡೆ ಸಂಜೆ ಬಸ್ ತಪ್ಪಿದರೆ ಗುರುತಿನವರ ಬೈಕೇ ಗತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಒಳ್ಳೆಯದೇ. ನಮ್ಮ ಅತ್ತೆ ಈಗ ಯಾರ ಹತ್ತಿರವೂ ಕೈಚಾಚದೆ ಸಂತೆಗೆ ಹೋಗಿಬರುತ್ತಾರೆ. ಆದರೆ ಬಸ್ಸೇ ನಿಲ್ಲದಿದ್ದರೆ ಶೂನ್ಯ ಟಿಕೆಟ್ ಕೊಡುವವರಾದರೂ ಯಾರು?

ಮೊನ್ನೆ ಮಳೆಯಲ್ಲಿ ಒಂದು ತಾಸು ಕಾದೆವು. ತಂಗುದಾಣದ ಹಂಚು ಒಡೆದು ಬೆಂಚಿನ ಮೇಲೆಲ್ಲ ನೀರು. ಶಾಲೆ ಮಕ್ಕಳು ಪಾಟಿಚೀಲಕ್ಕೆ ಕೊಡೆ ಹಿಡಿದು ತಾವು ನೆನೆಯುತ್ತಿದ್ದರು. ಕೊನೆಗೂ ಬಂದ ಬಸ್ಸಿನ ಡ್ರೈವರ್ ‘ಹಿಂದೆ ಇದೆ’ ಅಂತ ಕೈ ತೋರಿಸಿ ಹೋದರು. ಹಿಂದೆ ಬಂದದ್ದು ಹಾಲಿನ ವ್ಯಾನು! ಹೊಸ ಬಸ್ ಆಮೇಲೆ ಕೊಡಲಿ. ಬಸ್ ರದ್ದಾದ ದಿನ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಾಲು ಹಾಕಬಹುದಲ್ವಾ?

– ಒಬ್ಬ ಪ್ರಯಾಣಿಕ, ಶಿರಸಿ ತಾಲ್ಲೂಕು