ಹಳೆಯ ರೇಡಿಯೇಷನ್ ಲೆಕ್ಕ ರೋಗಿಯ ಕೈಗೆ ಸಿಗಲಿ

ಸಂಪಾದಕರೇ,

ಬಾಯಿ, ಗಂಟಲು, ಧ್ವನಿಪೆಟ್ಟಿಗೆಯ ಕ್ಯಾನ್ಸರ್ ರೇಡಿಯೇಷನ್ ಪಡೆದ ಜಾಗದಲ್ಲೇ ಮರುಕಳಿಸಿದರೆ ಮನೆಯವರು ಮೊದಲು ಕೇಳುವುದು, ‘ಮತ್ತೆ ಕರೆಂಟ್ ಕೊಡಬಹುದೇ?’ ಎಂದು. ಒಮ್ಮೆ ಕೊಟ್ಟ ಜಾಗಕ್ಕೆ ಇನ್ನೊಮ್ಮೆ ಕೊಡಲೇಬಾರದು ಎಂಬ ಮಾತು ಈಗ ಪೂರ್ತಿ ನಿಜವಲ್ಲ. ಆಯ್ದ ಕೆಲವರಿಗೆ ಕೊಡಬಹುದು. ಆದರೆ ಅದನ್ನು ನಿರ್ಧರಿಸಲು ಬೇಕಾದ ದಾಖಲೆ ಬಹಳ ಸಲ ರೋಗಿಯ ಬಳಿ ಇರುವುದೇ ಇಲ್ಲ.

ಡಿಸ್‌ಚಾರ್ಜ್ ಸಮ್ಮರಿಯಲ್ಲಿ ‘66 ಗ್ರೇ, 33 ಫ್ರ್ಯಾಕ್ಷನ್’ ಎಂಬ ಒಂದು ಸಾಲು ಇರುತ್ತದೆ (ಗ್ರೇ ಎಂದರೆ ರೇಡಿಯೇಷನ್ ಅಳೆಯುವ ಮಾನ, ಫ್ರ್ಯಾಕ್ಷನ್ ಎಂದರೆ ಒಂದು ಸಲಕ್ಕೆ ಕೊಡುವ ಕಂತು). ಅದು ಗಡ್ಡೆಗೆ ಗುರಿಯಿಟ್ಟ ಡೋಸ್. ಬೆನ್ನುಹುರಿ, ಮಿದುಳುಕಾಂಡ, ಕೆಳದವಡೆ, ಕುತ್ತಿಗೆಯ ಕೆರೋಟಿಡ್ ರಕ್ತನಾಳಗಳಿಗೆ ಎಷ್ಟು ಬಿತ್ತೆಂದು ಅದು ಹೇಳುವುದಿಲ್ಲ. ಅದಕ್ಕೆ ಪ್ಲಾನಿಂಗ್ ಸಿಟಿ (ಚಿಕಿತ್ಸೆ ಯೋಜಿಸಲು ತೆಗೆದ ಸ್ಕ್ಯಾನ್), ಅದರ ಮೇಲೆ ಗುರುತಿಸಿದ ಅಂಗಗಳು, ಪ್ಲಾನ್, ಡೋಸ್ ಹಂಚಿಕೆ ಈ ನಾಲ್ಕೂ ಡೈಕಾಮ್ (ಸ್ಕ್ಯಾನ್ ಮತ್ತು ಚಿಕಿತ್ಸೆಯ ದತ್ತಾಂಶಕ್ಕೆ ಆಸ್ಪತ್ರೆಗಳು ಬಳಸುವ ಸಾಮಾನ್ಯ ಮಾದರಿ) ಫೈಲ್‌ಗಳಾಗಿ ಬೇಕು. ಹಳೆಯ ಡೋಸನ್ನು ಹೊಸ ಸಿಟಿಯ ಮೇಲೆ ಕೂಡಿಸಿ, ಎರಡನ್ನೂ ಒಂದೇ ಅಳತೆಗೆ ತರಲು 2 ಗ್ರೇ ಫ್ರ್ಯಾಕ್ಷನ್‌ಗೆ ಸಮನಾಗಿ ಪರಿವರ್ತಿಸಿ ಒಟ್ಟು ಎಷ್ಟೆಂದು ನೋಡಬೇಕು. ತೂಕ ಇಳಿದು, ಶಸ್ತ್ರಚಿಕಿತ್ಸೆಯಾಗಿ ಕುತ್ತಿಗೆಯ ಆಕಾರವೇ ಬದಲಾಗಿರುವುದರಿಂದ ಫೈಲ್ ಇದ್ದರೂ ಕೆಲವು ಮಿಲಿಮೀಟರ್ ತಪ್ಪುತ್ತದೆ. ಫೈಲ್ ಇಲ್ಲದಿದ್ದರೆ ಬೆನ್ನುಹುರಿಗೆ ಮೊದಲೇ 45–50 ಗ್ರೇ ಪೂರ್ತಿ ಬಿದ್ದಿದೆ ಎಂದೇ ಹಿಡಿಯಬೇಕಾಗುತ್ತದೆ. ಆಗ ಬೆನ್ನೆಲುಬಿನ ಪಕ್ಕದ ಗಡ್ಡೆಗೆ ಸಾಲುವಷ್ಟು ಡೋಸ್ ಕೊಡಲು ಜಾಗ ಉಳಿಯುವುದಿಲ್ಲ. ಬೆನ್ನುಹುರಿ ಆರು ತಿಂಗಳ ನಂತರ ಸ್ವಲ್ಪಮಟ್ಟಿಗೆ ಚೇತರಿಸಿಕೊಳ್ಳುತ್ತದೆ ನಿಜ, ಆದರೆ ಎಷ್ಟು ರಿಯಾಯಿತಿ ಎಂದು ಲೆಕ್ಕ ಹಾಕಲು ಮೊದಲ ಅಂಕಿಯೇ ಗೊತ್ತಿರಬೇಕಲ್ಲ.

ಎಲ್ಲಕ್ಕಿಂತ ಹೆದರಬೇಕಾದದ್ದು ಕೆರೋಟಿಡ್ ಒಡೆಯುವುದಕ್ಕೆ. ಮರು ರೇಡಿಯೇಷನ್ ಪಡೆದ 1,554 ಮಂದಿಯ ವರದಿಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ 41 ಮಂದಿಗೆ, ಅಂದರೆ ಶೇ 2.6ರಷ್ಟು ಜನರಿಗೆ ಹೀಗಾಗಿತ್ತು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಉಳಿಯಲಿಲ್ಲ. ಗಡ್ಡೆ ಈ ರಕ್ತನಾಳವನ್ನು ಅರ್ಧ ಸುತ್ತಿಗಿಂತ ಹೆಚ್ಚು ಆವರಿಸಿದ್ದರೆ, ಐದೇ ಫ್ರ್ಯಾಕ್ಷನ್‌ಗಳಲ್ಲಿ 35–45 ಗ್ರೇ ಕೊಡುವ ಸ್ಟೀರಿಯೊಟ್ಯಾಕ್ಟಿಕ್ (ಕೆಲವೇ ಸಲ, ಅತಿ ನಿಖರವಾಗಿ ದೊಡ್ಡ ಡೋಸ್ ಕೊಡುವ) ವಿಧಾನದ ಆಸೆ ಬಿಡುವುದು ಲೇಸು. ‘ಐದೇ ದಿನದಲ್ಲಿ ಮುಗಿಯುತ್ತದೆ’ ಎಂಬ ಆಕರ್ಷಣೆಗೆ ಬಲಿಬೀಳುವವರು ಕಡಿಮೆಯಿಲ್ಲ. ಬಾಯಿಂದಲೋ ಕುತ್ತಿಗೆಯ ಹುಣ್ಣಿನಿಂದಲೋ ತುಸು ರಕ್ತ ಬಂದು ತಾನಾಗಿಯೇ ನಿಂತರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ದೊಡ್ಡ ರಕ್ತಸ್ರಾವಕ್ಕೆ ಅದು ಮುನ್ಸೂಚನೆಯಾಗಿರಬಹುದು.

ಯಾರಿಗೆ ಕೊಡಬಹುದು? ಬಯಾಪ್ಸಿಯಲ್ಲಿ ಖಚಿತವಾಗಬೇಕು, ಪೆಟ್-ಸಿಟಿಯಲ್ಲಿ ಬೇರೆಡೆ ಹರಡಿರಬಾರದು. ಕತ್ತರಿಸಿ ತೆಗೆಯಲು ಸಾಧ್ಯವಿದ್ದರೆ ಶಸ್ತ್ರಚಿಕಿತ್ಸೆಗೇ ಮೊದಲ ಆದ್ಯತೆ. ಆರು ತಿಂಗಳೊಳಗೇ ಮರಳಿದ ಗಡ್ಡೆ ರೇಡಿಯೇಷನ್‌ಗೆ ಬಗ್ಗದ ಜಾತಿಯದು. ಅದಕ್ಕೆ ಅದನ್ನೇ ಮತ್ತೆ ಕೊಟ್ಟು ಪ್ರಯೋಜನ ಕಡಿಮೆ. ಹಲವು ಆಸ್ಪತ್ರೆಗಳ ದಾಖಲೆ ಸೇರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವರ್ಷ ಕಳೆದ ಮೇಲೆ ಮರುಕಳಿಸಿ, ಶಸ್ತ್ರಚಿಕಿತ್ಸೆಯೂ ಆದವರಲ್ಲಿ ಎರಡು ವರ್ಷ ಬದುಕಿದವರು ಸುಮಾರು ಶೇ 62. ಎರಡು ವರ್ಷದೊಳಗೇ ಮರುಕಳಿಸಿ, ಆಹಾರದ ನಳಿಕೆಯನ್ನೋ ಉಸಿರಾಟಕ್ಕೆ ಕುತ್ತಿಗೆಯ ರಂಧ್ರವನ್ನೋ ನೆಚ್ಚಿಕೊಂಡವರಲ್ಲಿ ಸುಮಾರು ಶೇ 17. ಈ ಅಂತರವನ್ನು ಮನೆಯವರಿಗೆ ಬಿಡಿಸಿ ಹೇಳದೆ ಚಿಕಿತ್ಸೆ ಶುರು ಮಾಡುವುದು ಸರಿಯಲ್ಲ.

ಕೊಡುವುದಾದರೆ ಸ್ಕ್ಯಾನ್‌ನಲ್ಲೋ ಪರೀಕ್ಷೆಯಲ್ಲೋ ಕಾಣುವ ಗಡ್ಡೆ ಮತ್ತು ಸುತ್ತ ಕೆಲವೇ ಮಿಲಿಮೀಟರ್ ಅಂಚಿಗೆ ಮಾತ್ರ, ಸಾಮಾನ್ಯವಾಗಿ 60–66 ಗ್ರೇ. ಮೊದಲ ಸಲದಂತೆ ಇಡೀ ಕುತ್ತಿಗೆಗೆ ಅಲ್ಲ. ದಿನಕ್ಕೆರಡು ಸಲ ಸಣ್ಣ ಫ್ರ್ಯಾಕ್ಷನ್ ಕೊಟ್ಟರೆ ನಡುವೆ ಕನಿಷ್ಠ ಆರು ಗಂಟೆ ಬಿಡಬೇಕು. ಹಾಳಾದ ಹಲ್ಲನ್ನು ಮುಂಚೆಯೇ ಕೀಳಿಸಿ, ಗಾಯ ಮಾಯಲು ಎರಡು–ಮೂರು ವಾರ ಕೊಡಬೇಕು. ಆಮೇಲೆ ಕಿತ್ತರೆ ದವಡೆಮೂಳೆ ಕೊಳೆಯುವ ಅಪಾಯ ದೊಡ್ಡದು.

ಆದ್ದರಿಂದ ಆಸ್ಪತ್ರೆಗಳಲ್ಲಿ ನಮ್ಮ ಕೋರಿಕೆ ಇಷ್ಟೇ: ಮೊದಲ ರೇಡಿಯೇಷನ್‌ನ ಕೊನೆಯ ದಿನವೇ ಆ ನಾಲ್ಕು ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿ ರೋಗಿಗೆ ಕೊಡಿ. ವರ್ಷಗಳ ನಂತರ ಕೇಳಿದರೆ ಸಾಫ್ಟ್‌ವೇರ್ ಬದಲಾಗಿರುತ್ತದೆ, ಹಳೆಯ ಬ್ಯಾಕಪ್ ತೆರೆಯುವುದಿಲ್ಲ. ಅದೂ ಆಗದಿದ್ದರೆ, ಅಂಗವಾರು ಡೋಸ್ ಪಟ್ಟಿ ಮತ್ತು ಡೋಸ್ ರೇಖೆಗಳಿರುವ ಕೆಲವು ಸಿಟಿ ಚಿತ್ರಗಳ ಬಣ್ಣದ ಪ್ರಿಂಟ್ ಆದರೂ ಸಮ್ಮರಿಯ ಜೊತೆಗಿರಲಿ.

– ರೇಡಿಯೇಷನ್ ಚಿಕಿತ್ಸೆಯ ವೈದ್ಯರು ಮತ್ತು ವೈದ್ಯಕೀಯ ಭೌತವಿಜ್ಞಾನಿಗಳು