ಅಳಿಯನಿಗೆ: ಆ ರಾಜಿ ಪತ್ರಕ್ಕೆ ಸಹಿ ಹಾಕಬೇಡ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನ ಅಮ್ಮ ಫೋನ್ ಮಾಡಿ ಬೈಕ್ ಅಪಘಾತದ ಸಂಗತಿ ಎಲ್ಲವನ್ನೂ ಹೇಳಿದಳು. ಮೊಣಕಾಲಿನ ಕೆಳಗಿನ ಮೂಳೆಗೆ ಪ್ಲೇಟ್ ಹಾಕಿದ್ದಾರೆ, ಮೂರು ತಿಂಗಳು ಕಾಲೂರುವಂತಿಲ್ಲ ಎಂದು ಕೇಳಿ ಸಂಕಟವಾಯಿತು. ಹೆಲ್ಮೆಟ್ ಹಾಕಿದ್ದರಿಂದ ತಲೆ ಉಳಿಯಿತು ಎಂಬುದೊಂದೇ ಸಮಾಧಾನ. ಆದರೆ ಮಾತು ಮುಗಿಸುವಾಗ ಅವಳು ಹೇಳಿದ ಸಂಗತಿ ನನಗೆ ನಿದ್ದೆ ಕೊಡಲಿಲ್ಲ. ನಿನ್ನ ಬೈಕಿಗೆ ಅಡ್ಡ ಬಂದ ಗೂಡ್ಸ್ ವಾಹನದ ಮಾಲೀಕ ವಾರ್ಡಿಗೇ ಬಂದು ಐವತ್ತು ಸಾವಿರ ಕೊಡುತ್ತೇನೆ, ದೂರು ಬೇಡ, ಛಾಪಾ ಕಾಗದದ ಮೇಲೆ ರಾಜಿ ಮಾಡಿಕೊಳ್ಳೋಣ ಎಂದನಂತೆ. ಡ್ರೈವರ್ ಬಡವ, ಎರಡು ಮಕ್ಕಳಿದ್ದಾರೆ ಎಂದು ನೀನೂ ಮೆತ್ತಗಾಗಿದ್ದೀಯಂತೆ.

ಸಹಿ ಹಾಕಬೇಡ. ನಿನ್ನ ಕರುಣೆ ದೊಡ್ಡದು, ಆದರೆ ಅದು ಇಲ್ಲಿ ದಾರಿ ತಪ್ಪಿದೆ. ರಸ್ತೆಗಿಳಿಯುವ ಪ್ರತಿ ವಾಹನಕ್ಕೂ ಥರ್ಡ್ ಪಾರ್ಟಿ ವಿಮೆ, ಅಂದರೆ ಆ ವಾಹನದಿಂದ ಹೊರಗಿನವರಿಗೆ ಆಗುವ ಹಾನಿಗೆ ವಿಮೆ, ಕಡ್ಡಾಯ ಎಂದು 1988ರ ಮೋಟಾರು ವಾಹನ ಕಾಯ್ದೆ ಹೇಳಿರುವುದೇ ಇಂತಹ ದಿನಕ್ಕಾಗಿ. ಪಾಲಿಸಿ ಚಾಲ್ತಿಯಲ್ಲಿದ್ದು, ಡ್ರೈವರ್ ಬಳಿ ಸರಿಯಾದ ಪರವಾನಗಿ ಇದ್ದರೆ ನಿನಗೆ ಸಲ್ಲಬೇಕಾದ ಹಣವನ್ನು ಕೊಡುವುದು ವಿಮಾ ಕಂಪನಿ. ಅವನ ಮಕ್ಕಳ ತಟ್ಟೆಯ ಅನ್ನವನ್ನು ನೀನು ಕಿತ್ತುಕೊಂಡಂತಾಗುವುದಿಲ್ಲ. ದೂರು ಬೇಡ ಎಂದು ಮಾಲೀಕ ಇಷ್ಟು ಅವಸರಪಡುತ್ತಿದ್ದಾನೆ ಎಂದರೆ ಪಾಲಿಸಿಯೋ ಪರವಾನಗಿಯೋ ಸರಿ ಇಲ್ಲವೇನೋ ಎಂದು ನನಗೆ ಅನುಮಾನ. ಹಾಗಿದ್ದರಂತೂ ದಾಖಲೆ ಇನ್ನೂ ಬೇಗ ಆಗಬೇಕು.

ದೂರು ಇನ್ನೂ ಕೊಟ್ಟಿಲ್ಲ ಎಂದು ತಿಳಿಯಿತು. ನಾಳೆಯೇ ನಿನ್ನ ಸ್ನೇಹಿತನನ್ನು ಅಪಘಾತ ನಡೆದ ಜಾಗದ ಠಾಣೆಗೆ ಕಳುಹಿಸು. ತಡವಾದರೆ ಕೇಸು ಬಿದ್ದೇ ಹೋಗುತ್ತದೆ ಎಂದಲ್ಲ. ಆಸ್ಪತ್ರೆಯಲ್ಲಿ ಜೀವ ಉಳಿಸಿಕೊಳ್ಳುವವರು ಮೊದಲು ಠಾಣೆಗೆ ಓಡಲಿ ಎಂದು ಯಾವ ನ್ಯಾಯಾಧೀಶರೂ ಹೇಳುವುದಿಲ್ಲ. ಆದರೆ ತಡವಾದ ಒಂದೊಂದು ದಿನಕ್ಕೂ ವಿಮಾ ಕಂಪನಿಯ ವಕೀಲರು ಒಂದೊಂದು ಪ್ರಶ್ನೆ ಕೇಳುತ್ತಾರೆ, ವಿಮೆ ಇರುವ ಯಾವುದೋ ವಾಹನವನ್ನು ಆಮೇಲೆ ತಂದು ನಿಲ್ಲಿಸಿದ್ದಾರೆ ಎಂದೂ ವಾದಿಸುತ್ತಾರೆ. ತಡವಾದದ್ದಕ್ಕೆ ಕಾರಣವನ್ನು ದೂರಿನಲ್ಲೇ ಬರೆಸಬೇಕು. ಡ್ರೈವರ್ ಮೇಲಿನ ಕ್ರಿಮಿನಲ್ ಮೊಕದ್ದಮೆ ಬೇರೆ, ನಿನ್ನ ಪರಿಹಾರದ ಅರ್ಜಿ ಬೇರೆ. ಅಲ್ಲಿ ಬೇಕಾಗುವಷ್ಟು ಕಟ್ಟುನಿಟ್ಟಿನ ಸಾಕ್ಷ್ಯ ಇಲ್ಲಿ ಬೇಕಾಗುವುದಿಲ್ಲ. ಆದರೂ ಎಫ್‌ಐಆರ್, ಸ್ಥಳ ಮಹಜರು, ಸ್ಕೆಚ್, ಮೋಟಾರು ವಾಹನ ನಿರೀಕ್ಷಕರ ವರದಿ, ದೋಷಾರೋಪ ಪಟ್ಟಿ ಇವೆಲ್ಲ ಪೊಲೀಸರ ಕಡೆಯಿಂದಲೇ ಬರಬೇಕು.

ಈಗ ಹೇಳುವುದನ್ನು ಎರಡು ಸಲ ಓದು. ಕೋರ್ಟಿನಲ್ಲಿ ಶಿರಸ್ತೇದಾರನಾಗಿದ್ದಾಗ ಎಂವಿಸಿ, ಅಂದರೆ ವಾಹನ ಅಪಘಾತ ಪರಿಹಾರದ ಕಡತಗಳು ನನ್ನ ಮೇಜಿನ ಮೇಲೆಯೇ ಹಾದು ಹೋಗುತ್ತಿದ್ದವು. ಒಳ್ಳೆಯ ಕೇಸುಗಳು ಸೋಲುತ್ತಿದ್ದದ್ದು ಹೆಚ್ಚಾಗಿ ಆಸ್ಪತ್ರೆಯ ಕೇಸ್ ಶೀಟಿನ ಒಂದೇ ಒಂದು ಸಾಲಿನಿಂದ. ಗಾಯಾಳುವನ್ನು ಕರೆತಂದವರನ್ನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಏನಾಯಿತು ಎಂದು ಕೇಳುತ್ತಾರೆ. ಪೊಲೀಸರ ಗೊಡವೆ ಬೇಡ ಎಂದು ಹೆದರಿ ಬೈಕ್ ಸ್ಕಿಡ್ ಆಗಿ ಬಿದ್ದ ಎಂದುಬಿಡುತ್ತಾರೆ. ಅದು ಹಾಗೆಯೇ ದಾಖಲಾಗುತ್ತದೆ. ಎರಡು ವರ್ಷದ ಮೇಲೆ ಪಾಟೀಸವಾಲಿನಲ್ಲಿ ಆ ಹಾಳೆ ಹೊರಬರುತ್ತದೆ. ತಾನಾಗಿ ಬಿದ್ದವನಿಗೆ ಇನ್ನೊಂದು ವಾಹನದ ವಿಮೆ ಹಣ ಕೊಡುವುದಾದರೂ ಹೇಗೆ? ನಿನ್ನ ಸ್ನೇಹಿತ ಅಲ್ಲಿ ಏನು ಹೇಳಿದ್ದಾನೆ ಎಂದು ಇವತ್ತೇ ವಿಚಾರಿಸು. ತಪ್ಪಾಗಿ ಬರೆಸಿದ್ದರೆ ಆ ಹಾಳೆಯನ್ನು ತಿದ್ದಿಸಲು ಯಾರ ಕಾಲಿಗೂ ಬೀಳಬೇಡ, ತಿದ್ದಿದ ದಾಖಲೆ ಇನ್ನೂ ಕೆಟ್ಟದ್ದು. ನಡೆದದ್ದೇನು, ಮೊದಲು ಹಾಗೇಕೆ ಹೇಳಿದೆ ಎಂದು ಅವನೇ ಪೊಲೀಸರ ಮುಂದೆ ಹೇಳಿಕೆ ಕೊಡಲಿ. ಅವನಿಗೆ ಭಯವಿದ್ದರೆ ಹೇಳು: ಗಾಯಾಳುವಿಗೆ ನೆರವಾದವರನ್ನು ಸತಾಯಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯಲ್ಲಿ 134ಎ ಕಲಮೇ ಇದೆ, ನಮ್ಮ ರಾಜ್ಯದಲ್ಲಿ ಅದಕ್ಕೆಂದೇ ಪ್ರತ್ಯೇಕ ಕಾಯ್ದೆಯೂ ಇದೆ.

ಐವತ್ತು ಸಾವಿರ ಯಾಕೆ ಸಾಲದು ಎಂಬುದಕ್ಕೆ ಬರುತ್ತೇನೆ. ಆಸ್ಪತ್ರೆಯ ಬಿಲ್ಲನ್ನು ಮಾತ್ರ ನೀನು ನಷ್ಟ ಎಂದುಕೊಂಡಿದ್ದೀಯ. ನೀನು ಎಲೆಕ್ಟ್ರಿಷಿಯನ್. ಏಣಿ ಹತ್ತಬೇಕು, ಕುಕ್ಕರಗಾಲಿನಲ್ಲಿ ಕೂತು ವೈರಿಂಗ್ ಮಾಡಬೇಕು. ನಾಳೆ ವೈದ್ಯರು ಆ ಕಾಲಿಗೆ ಶೇ 24ರಷ್ಟು ಊನ ಎಂದು ಬರೆದರೆ, ಅದರ ಮೂರನೇ ಒಂದು ಭಾಗ, ಅಂದರೆ ಶೇ 8 ಮಾತ್ರ ಇಡೀ ದೇಹದ ಊನ ಎಂದು ಲೆಕ್ಕ ಹಿಡಿಯುವ ರೂಢಿ ನಮ್ಮ ಕೋರ್ಟುಗಳಲ್ಲಿದೆ. ಮೇಜಿನ ಮುಂದೆ ಕೂರುವವನಿಗೆ ಅದು ಸರಿಯಿರಬಹುದು, ನಿನಗೆ ಸರಿಯಲ್ಲ. ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಇದನ್ನು ಬಿಡಿಸಿ ಹೇಳಿದೆ. ಎಡಗೈ ಹೋದರೆ ಬಡಗಿಯ ಅಥವಾ ಡ್ರೈವರನ ದುಡಿಮೆ ಪೂರ್ತಿ ಹೋದಂತೆಯೇ, ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು. ಆದ್ದರಿಂದ ನೋಡಬೇಕಾದದ್ದು ದುಡಿಯುವ ಶಕ್ತಿ ಎಷ್ಟು ಕುಗ್ಗಿತು ಎಂಬುದನ್ನು.

ಲೆಕ್ಕ ಹಾಕಿ ತೋರಿಸುತ್ತೇನೆ. ತಿಂಗಳಿಗೆ 20,000 ರೂಪಾಯಿ ದುಡಿಮೆ ಎಂದಿಟ್ಟುಕೊಳ್ಳೋಣ. ನಲವತ್ತರೊಳಗಿನ ಸ್ವಂತ ದುಡಿಮೆಯವರಿಗೆ ಮುಂದಿನ ಏಳಿಗೆಗೆಂದು ಶೇ 40 ಸೇರಿಸುತ್ತಾರೆ, 28,000 ಆಯಿತು. ವರ್ಷಕ್ಕೆ 3,36,000. ವಯಸ್ಸು ನೋಡಿ ಎಷ್ಟು ವರ್ಷದ ದುಡಿಮೆ ಹಿಡಿಯಬೇಕು ಎನ್ನುವ ಗುಣಕ ನಿನ್ನ 28ರ ವಯಸ್ಸಿಗೆ 17, ಒಟ್ಟು 57,12,000. ಇದರಲ್ಲಿ ಶೇ 8 ಹಿಡಿದರೆ 4,56,960 ರೂಪಾಯಿ. ದುಡಿಯುವ ಶಕ್ತಿಯ ನಷ್ಟ ಶೇ 20 ಎಂದು ಪರಿಹಾರ ತೀರ್ಮಾನಿಸುವ ನ್ಯಾಯಮಂಡಳಿಗೆ ಮನದಟ್ಟಾದರೆ 11,42,400. ಚಿಕಿತ್ಸೆಯ ಖರ್ಚು, ನೋವು, ಮಲಗಿದ ತಿಂಗಳುಗಳ ಸಂಪಾದನೆ, ಮುಂದೆ ಪ್ಲೇಟ್ ತೆಗೆಸುವ ಶಸ್ತ್ರಚಿಕಿತ್ಸೆ ಇವೆಲ್ಲ ಇದರ ಹೊರಗೆ. ಇಷ್ಟೇ ಬರುತ್ತದೆ ಎಂದು ನಾನು ಮಾತು ಕೊಡುತ್ತಿಲ್ಲ. ಮಾಲೀಕ ಏನನ್ನು ಕೊಳ್ಳಲು ಬಂದಿದ್ದಾನೆ ಎಂಬುದು ನಿನಗೆ ಗೊತ್ತಿರಲಿ.

ದುಡಿಮೆಗೆ ಪುರಾವೆ ಬೇಕು. ಇಲ್ಲದಿದ್ದರೆ ಆಯಾ ವರ್ಷಕ್ಕೆ ಇಂತಿಷ್ಟು ಎಂದು ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಮಾಡಿಟ್ಟ ಪಟ್ಟಿಯ ಅಂದಾಜು ಆದಾಯವನ್ನೇ ಹಿಡಿಯುತ್ತಾರೆ. ಮೊಬೈಲಿನಲ್ಲಿ ಗಿರಾಕಿಗಳು ಹಾಕಿದ ಹಣದ ಬ್ಯಾಂಕ್ ವಿವರ, ವೈರ್‌ಮನ್ ಪರವಾನಗಿ, ಗುತ್ತಿಗೆದಾರರು ಕೊಟ್ಟ ಚೀಟಿ, ಏನಿದೆಯೋ ಎಲ್ಲವನ್ನೂ ಒಂದೆಡೆ ಇಡು. ಔಷಧಿ ಅಂಗಡಿಯ ಸಣ್ಣ ಬಿಲ್ಲನ್ನೂ ಎಸೆಯಬೇಡ. ಎಕ್ಸ್‌ರೇ ಫಿಲ್ಮ್‌ಗಳನ್ನು ಕೇಳಿ ಪಡೆ.

ಪರಿಹಾರದ ಅರ್ಜಿಯನ್ನು ಅದೇ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಅಪಘಾತ ನಡೆದ ತುಮಕೂರಿನಲ್ಲಿಯೂ ಹಾಕಬಹುದು, ನಿನ್ನ ವಾಸದ ಊರಿನಲ್ಲಿಯೂ ಹಾಕಬಹುದು. 2022ರ ಏಪ್ರಿಲ್ 1ರಂದು ಜಾರಿಗೆ ಬಂದ ನಿಯಮದಂತೆ ಅದಕ್ಕೆ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ಆ ಗಡುವಿನ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದೆ ನಿಜ, ಆದರೆ ಅದನ್ನು ನಂಬಿ ಕೂರುವುದು ಬೇಡ. ವಿಮಾ ಕಂಪನಿಯವರೇ ಬಂದು 164ನೇ ಕಲಮಿನಡಿ ತೀವ್ರ ಗಾಯಕ್ಕೆ ನಿಗದಿಯಾದ ಎರಡೂವರೆ ಲಕ್ಷ ಕೊಡುತ್ತೇವೆ, ಯಾರ ತಪ್ಪೆಂದೂ ಕೇಳುವುದಿಲ್ಲ ಎನ್ನಬಹುದು. ತಪ್ಪು ಯಾರದೆಂದು ತೋರಿಸಲಾಗದವರಿಗೆ ಅದು ದೊಡ್ಡ ಆಸರೆ. ಆದರೆ ಅದನ್ನು ಸ್ವೀಕರಿಸಿದರೆ 166ರ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಲೋಕ ಅದಾಲತ್ ರಾಜಿಯೂ ಅಷ್ಟೇ, ಬೇಗ ಹಣ ಕೈಸೇರುತ್ತದೆ, ಮೇಲ್ಮನವಿ ಇರುವುದಿಲ್ಲ. ನಾನು ರಾಜಿಯ ವಿರೋಧಿಯಲ್ಲ. ಊನ ಎಷ್ಟೆಂದು ತಿಳಿಯುವ ಮೊದಲು ಮಾಡುವ ರಾಜಿಗೆ ಮಾತ್ರ ನನ್ನ ವಿರೋಧ.

ವಾರ್ಡಿನಲ್ಲಿ ಚೀಟಿ ಹಂಚುತ್ತಾ ಬಂದು, ಖರ್ಚೆಲ್ಲ ನಮ್ಮದು, ಬಂದದ್ದರಲ್ಲಿ ಇಷ್ಟು ಪಾಲು ಕೊಡಿ ಎನ್ನುವವರಿದ್ದಾರೆ. ಬಂದ ಪರಿಹಾರದಲ್ಲಿ ಪಾಲು ಕೇಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಖಾಲಿ ಕಾಗದಕ್ಕೂ ಖಾಲಿ ಚೆಕ್ಕಿಗೂ ಸಹಿ ಹಾಕಬೇಡ, ಪಾಸ್‌ಬುಕ್ ಯಾರ ಕೈಗೂ ಕೊಡಬೇಡ. ವಕೀಲರಿಗೆ ಕೊಡಲು ಹಣವಿಲ್ಲವೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸು. ಸಹಾಯವಾಣಿ 15100. ಆದಾಯದ ಮಿತಿಯೊಳಗಿರುವವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಇನ್ನು, ಮಳೆಯಲ್ಲಿ ಸ್ವಲ್ಪ ಜೋರಾಗಿಯೇ ಹೋಗುತ್ತಿದ್ದೆ, ತಪ್ಪು ನನ್ನದೂ ಇರಬಹುದು ಎಂದು ಅಮ್ಮನ ಹತ್ತಿರ ಹೇಳಿದೆಯಂತೆ. ಹಾಗಿದ್ದರೆ ಹಾಗೆಯೇ ಹೇಳು. ಸೂಚನೆ ಕೊಡದೆ ಅಡ್ಡ ತಿರುಗಿದ್ದು ಆ ವಾಹನ. ನಿನ್ನ ಪಾಲಿನ ತಪ್ಪು ಶೇ 25 ಎಂದು ನ್ಯಾಯಮಂಡಳಿ ಕಂಡರೆ ಅಷ್ಟನ್ನು ಕಳೆದು ಉಳಿದದ್ದನ್ನು ಕೊಡುತ್ತದೆ, ಅರ್ಜಿಯನ್ನು ತಳ್ಳಿಹಾಕುವುದಿಲ್ಲ. ಸಾಕ್ಷಿ ಹೇಳಿಸಲು ನೋಡದವರನ್ನು ಕರೆತರಬೇಡ, ಇಲ್ಲದ ಸಂಪಾದನೆ ಬರೆಸಬೇಡ. ಒಂದು ಸುಳ್ಳು ಸಿಕ್ಕಿಬಿದ್ದರೆ ನಿನ್ನ ನಿಜವಾದ ನೋವನ್ನೂ ಯಾರೂ ನಂಬುವುದಿಲ್ಲ.

ಕಾಲು ಪೂರ್ತಿ ನೆಟ್ಟಗಾದರೆ ಪರಿಹಾರ ಕಡಿಮೆಯಾಗುತ್ತದೆ, ವ್ಯಾಯಾಮ ನಿಧಾನವಾಗಲಿ ಎಂದು ಬುದ್ಧಿ ಹೇಳುವವರೂ ಬರುತ್ತಾರೆ. ಅಂಥವರನ್ನು ಬಾಗಿಲಿನಿಂದಲೇ ಕಳುಹಿಸು. ಫಿಸಿಯೋಥೆರಪಿಯನ್ನು ಒಂದು ದಿನವೂ ತಪ್ಪಿಸಬೇಡ. ನೀನು ಮತ್ತೆ ಏಣಿ ಹತ್ತುವುದನ್ನು ನೋಡಬೇಕು ಎಂಬುದೇ ನನ್ನ ಆಸೆ.

ಭಾನುವಾರ ನಾನೂ ನಿನ್ನ ಅತ್ತೆಯೂ ಬರುತ್ತೇವೆ. ಅಷ್ಟರಲ್ಲಿ ದೂರಿನ ಪ್ರತಿ, ಗೂಡ್ಸ್ ವಾಹನದ ನೋಂದಣಿ ಸಂಖ್ಯೆ, ನಿನ್ನ ಬೈಕಿನ ಪಾಲಿಸಿ ಮೂರನ್ನೂ ತರಿಸಿಡು. ಮಾಲೀಕ ಮತ್ತೆ ಬಂದರೆ, ಮಾವ ಬರುತ್ತಾರೆ, ಅವರ ಹತ್ತಿರ ಮಾತಾಡಿ ಎಂದಷ್ಟೇ ಹೇಳು.

ಇಂತಿ,
ನಿನ್ನ ಮಾವ